ಕಾಯಿಲೆಯ ಭಯವನ್ನು ಅಳೆಯುವುದು ಹೇಗೆ? ಪ್ರಶ್ನಾವಳಿ ತುಂಬುವವರಿಗೂ ತುಂಬಿಸುವವರಿಗೂ

ಅಪ್ಪ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡ ವರ್ಷ ನಾನು ನನ್ನ ನಾಡಿ ಎಣಿಸಲು ಶುರು ಮಾಡಿದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ. ತೋಟದ ದರೆ ಹತ್ತಿ ಬಂದ ಮೇಲೆ ಒಂದು ಸಲ. ರಾತ್ರಿ ಮಲಗಿದ ಮೇಲೆ ಎಷ್ಟು ಸಲ ಅಂತ ಲೆಕ್ಕವೇ ಇಲ್ಲ. ಆರು ತಿಂಗಳಲ್ಲಿ ನಾಲ್ಕು ಸಲ ಇಸಿಜಿ ಮಾಡಿಸಲೆಂದೇ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸು ಹತ್ತಿದ್ದೆ. ನಾಲ್ಕರಲ್ಲೂ ಏನೂ ತೊಂದರೆ ಕಾಣಲಿಲ್ಲ. ಕೊನೆಯ ಸಲ ಡಾಕ್ಟರು ನನ್ನ ಮುಖವನ್ನೂ ನೋಡದೆ, "ಏನೂ ಇಲ್ಲಮ್ಮ, ಸುಮ್ನೆ ಟೆನ್ಶನ್ ಮಾಡ್ಕೋತೀರ" ಅಂದು ಮುಂದಿನವರನ್ನು ಕರೆದರು. ಬಸ್ ಸ್ಟ್ಯಾಂಡಿಗೆ ಬರುವವರೆಗೆ ಸಮಾಧಾನ ಇತ್ತು. ಬಸ್ಸು ಮಂಡಗದ್ದೆ ದಾಟುವಷ್ಟರಲ್ಲಿ ಬೆರಳು ಮತ್ತೆ ಮಣಿಕಟ್ಟಿನ ಮೇಲೆ ಕೂತಿತ್ತು.

ಹೃದಯದಲ್ಲಿ ಏನೂ ಇರಲಿಲ್ಲ, ನಿಜ. ಆದರೆ ನನಗೆ ಏನೋ ಇತ್ತು. ಅದಕ್ಕೆ ಆರೋಗ್ಯದ ಆತಂಕ ಅನ್ನುವ ಹೆಸರಿದೆ, ಅದನ್ನು ಅಳೆಯುವ ದಾರಿಯೂ ಇದೆ ಅಂತ ಗೊತ್ತಾಗಿದ್ದು ಮುಂದೆ ಮನಶ್ಶಾಸ್ತ್ರ ಓದಲು ಸೇರಿದಾಗ. ಈಗ ಆಪ್ತಸಮಾಲೋಚನೆಯೇ ನನ್ನ ಕೆಲಸ. ನನ್ನ ಎದುರು ಬಂದು ಕೂರುವವರಲ್ಲಿ ಎಷ್ಟೋ ಜನ ಕೈಯಲ್ಲಿ ಸ್ಕ್ಯಾನಿಂಗ್ ಫೈಲು ಹಿಡಿದು ಬಂದಿರುತ್ತಾರೆ. ಅವರಿಗಾಗಿ, ಅವರ ಮನೆಯವರಿಗಾಗಿ, ಪ್ರಶ್ನಾವಳಿ ಹಿಡಿದು ಹಳ್ಳಿಗೆ ಹೋಗುವ ವಿದ್ಯಾರ್ಥಿಗಳಿಗಾಗಿ, ನರ್ಸ್ ಮತ್ತು ಆಶಾ ಕಾರ್ಯಕರ್ತೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನಾವಳಿ ಏನು ಮಾಡಬಲ್ಲದು ಅನ್ನುವುದನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ. ನಮ್ಮಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಅಂಗಳದಲ್ಲೊಂದು ಮಳೆ ಮಾಪಕ ಇರುತ್ತದೆ, ಪಕ್ಕದಲ್ಲೊಂದು ಪುಸ್ತಕ. ಇವತ್ತು ಎಷ್ಟು ಮಳೆ ಬಿತ್ತು ಅಂತ ಅದು ಹೇಳುತ್ತದೆ. ಹಿಂದಿನ ಆಷಾಢಕ್ಕಿಂತ ಜಾಸ್ತಿಯೋ ಕಡಿಮೆಯೋ ಅಂತಲೂ ಹೇಳುತ್ತದೆ. ಮನೆ ಹಿಂದಿನ ದರೆ ಕುಸಿಯುತ್ತದೋ ಇಲ್ಲವೋ ಅಂತ ಅದನ್ನು ಕೇಳಬಾರದು, ಅದಕ್ಕೆ ಮಣ್ಣು ಗೊತ್ತಿರುವವರು ಬಂದು ನೋಡಬೇಕು. ಈ ಪ್ರಶ್ನಾವಳಿಗಳೂ ಹಾಗೇ. ಭಯ ಎಷ್ಟಿದೆ ಅಂತ ಹೇಳುತ್ತವೆ. ಕಾಯಿಲೆ ಇದೆಯೋ ಇಲ್ಲವೋ ಅಂತ ಹೇಳುವುದಿಲ್ಲ.

ಮೊದಲ ಹೆಜ್ಜೆ: ದೇಹವನ್ನು ತೋರಿಸಿ ಬನ್ನಿ

ಹೊಸದಾಗಿ ಬಂದ ಎದೆನೋವು, ಬೆವರು, ಉಸಿರು ಸಿಕ್ಕಿಕೊಳ್ಳುವುದು, ರಕ್ತ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ, ಬಾಯಲ್ಲಿ ವಾಸಿಯಾಗದ ಹುಣ್ಣು. ಇವು ಯಾವುದೇ ಇದ್ದರೂ ಪ್ರಶ್ನಾವಳಿ ಬದಿಗಿಡಿ. ಮೊದಲು ಡಾಕ್ಟರು.

ನಮ್ಮ ಜಿಲ್ಲೆಯಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನ ಊರುಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ದರಕು, ಸೌದೆ ತರಲು ಕಾಡಿಗೆ ಹೋಗಿ ಬಂದವರಿಗೆ, ಉಣ್ಣೆ ಕಚ್ಚಿಸಿಕೊಂಡವರಿಗೆ ಹಠಾತ್ತಾಗಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದನ್ನು "ಇವರಿಗೆ ಮೊದಲಿಂದಲೂ ಭಯ ಜಾಸ್ತಿ" ಅಂತ ತಳ್ಳಿಹಾಕುವುದು ಅಪಾಯ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಭಯ ಜಾಸ್ತಿ ಇರುವವರಿಗೂ ಕಾಯಿಲೆ ಬರುತ್ತದೆ, ಅಲ್ವಾ?

ಎರಡನೆಯದು: ಯಾವ ಪ್ರಶ್ನಾವಳಿ?

ಒಂದೇ ಇಲ್ಲ, ಹಲವು ಇವೆ. ಪ್ರತಿಯೊಂದೂ ಬೇರೆ ಬೇರೆ ವಿಷಯ ಕೇಳುತ್ತದೆ. ಇಲ್ಲಿ ಆತುರಪಟ್ಟು ತಪ್ಪಾದದ್ದನ್ನು ಆರಿಸಿಕೊಂಡರೆ ಮುಂದಿನ ಕೆಲಸವೆಲ್ಲ ದಂಡ.

ಹಳೆಯದು ವೈಟ್ಲಿ ಸೂಚಿ. ಮನೋವೈದ್ಯ ಪಿಲೋವ್ಸ್ಕಿ 1967ರಲ್ಲಿ ಪ್ರಕಟಿಸಿದ್ದು. 14 ಪ್ರಶ್ನೆಗಳು, ಹೌದು ಅಥವಾ ಇಲ್ಲ ಅಂದರೆ ಸಾಕು. ಅದು ಮೂರು ಎಳೆಗಳನ್ನು ಬಿಡಿಸುತ್ತದೆ: ಕಾಯಿಲೆ ಬಂದೀತು ಅನ್ನುವ ಭಯ, ಕಾಯಿಲೆ ಬಂದೇ ಬಿಟ್ಟಿದೆ ಅನ್ನುವ ನಂಬಿಕೆ, ಮತ್ತು ಮೈಯ ಕಡೆಗೇ ಇರುವ ಗಮನ. ಭಯವೂ ನಂಬಿಕೆಯೂ ಬೇರೆ ಬೇರೆ ಅನ್ನುವುದು ನನಗೆ ತುಂಬ ದೊಡ್ಡ ತಿಳಿವಳಿಕೆ ಅನಿಸಿತ್ತು. ನನಗೆ ಇದ್ದದ್ದು ಭಯ. ಪಕ್ಕದ ಮನೆಯ ದೊಡ್ಡಮ್ಮನಿಗೆ ಇದ್ದದ್ದು ನಂಬಿಕೆ. ಅವರು ಹೆದರುತ್ತಿರಲಿಲ್ಲ, "ನಂಗೆ ಹೊಟ್ಟೇಲಿ ಗಡ್ಡೆ ಇದೆ, ಡಾಕ್ಟ್ರಿಗೆ ಕಾಣ್ತಿಲ್ಲ ಅಷ್ಟೆ" ಅಂತ ತಣ್ಣಗೆ ಹೇಳುತ್ತಿದ್ದರು. ಇಬ್ಬರಿಗೂ ಒಂದೇ ಮಾತು ಹೇಳಿದರೆ ನಾಟುವುದಿಲ್ಲ.

ಪಿಲೋವ್ಸ್ಕಿ ಮತ್ತು ಸ್ಪೆನ್ಸ್ ಮುಂದೆ 62 ಪ್ರಶ್ನೆಗಳ ಇನ್ನೊಂದನ್ನು ಮಾಡಿದರು. ಕಾಯಿಲೆ ಬಂದಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಅನ್ನುವುದನ್ನು ಅದು ನೋಡುತ್ತದೆ. ಸಂಶೋಧನೆಗೆ ಸರಿ, ಮನೆ ಮಟ್ಟಿಗೆ ಉದ್ದವಾಯಿತು.

ಕಾಯಿಲೆಯ ಬಗ್ಗೆ ಇರುವ ಧೋರಣೆಗಳನ್ನು ಅಳೆಯಬೇಕಾದರೆ ಅಮೆರಿಕದ ರಾಬರ್ಟ್ ಕೆಲ್ನರ್ 1980ರ ದಶಕದಲ್ಲಿ ರೂಪಿಸಿದ ಮಾಪಕಗಳಿವೆ. ಒಂಬತ್ತು ಗುಂಪು, ಒಂದೊಂದು ಗುಂಪಿನಲ್ಲೂ ಅಂಕ ಹಾಕುವ ಮೂರು ಪ್ರಶ್ನೆ. ಕಾಯಿಲೆಯ ಚಿಂತೆ, ನೋವಿನ ಬಗ್ಗೆ ಕಳವಳ, ಆರೋಗ್ಯದ ಅಭ್ಯಾಸಗಳು, ಸಾವಿನ ಭಯ, ಚಿಕಿತ್ಸೆ ಪಡೆದ ಅನುಭವ, ಹೀಗೆ. ಪ್ರತಿ ಉತ್ತರಕ್ಕೆ 0ಯಿಂದ 4.

ಈಗ ಹೆಚ್ಚು ಬಳಕೆಯಲ್ಲಿರುವುದು ಸಾಲ್ಕೋವ್‌ಸ್ಕಿಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಆರೋಗ್ಯ ಆತಂಕ ಪಟ್ಟಿ. ಉದ್ದದ್ದರಲ್ಲಿ 64 ಅಂಶ, ಚಿಕ್ಕದರಲ್ಲಿ 18. ಇಲ್ಲಿ ಹೌದು, ಇಲ್ಲ ಅನ್ನುವುದಿಲ್ಲ. ಪ್ರತಿ ಅಂಶದಲ್ಲೂ ನಾಲ್ಕು ವಾಕ್ಯ ಇರುತ್ತವೆ, ಕಳೆದ ಆರು ತಿಂಗಳನ್ನು ನೆನೆದು ನಿಮಗೆ ಹೊಂದುವ ವಾಕ್ಯಕ್ಕೆ ಗುರುತು ಹಾಕಬೇಕು. ಮೊದಲ 14 ಅಂಶ ಆತಂಕದ್ದು. ಕೊನೆಯ 4, ಒಂದು ವೇಳೆ ಗಂಭೀರ ಕಾಯಿಲೆ ಬಂದರೆ ಬದುಕು ಎಷ್ಟು ಹಾಳಾದೀತು ಅಂತ ನಿಮಗೆ ಅನಿಸುತ್ತದೆ ಅನ್ನುವುದರ ಬಗ್ಗೆ. ಒಂದೇ ಒಂದು ಆರಿಸಿಕೊಳ್ಳಿ ಅಂದರೆ ನಾನು ಈ ಚಿಕ್ಕ ಪಟ್ಟಿಯನ್ನೇ ಆರಿಸುತ್ತೇನೆ.

ಜೊತೆಗೆ ಪಿಎಚ್‌ಕ್ಯೂ-15 ಇಟ್ಟುಕೊಂಡರೆ ಒಳ್ಳೆಯದು. ಅದೂ 2002ರದ್ದೇ, ಬಳಸಲು ದುಡ್ಡು ಕೊಡಬೇಕಿಲ್ಲ. ಕಳೆದ ನಾಲ್ಕು ವಾರಗಳಲ್ಲಿ ಹೊಟ್ಟೆನೋವು, ಬೆನ್ನುನೋವು, ತಲೆಸುತ್ತು, ಎದೆ ಹೊಡೆದುಕೊಳ್ಳುವುದು, ಸುಸ್ತು ಮುಂತಾದ 15 ತೊಂದರೆಗಳು ಎಷ್ಟು ಕಾಡಿದವು ಅಂತ ಕೇಳುತ್ತದೆ. ಅದು ಭಯದ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಅದಕ್ಕೇ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ನೋವು ಕಡಿಮೆ, ಭಯ ಜಾಸ್ತಿ ಇರುವವರಿದ್ದಾರೆ. ನೋವು ಜಾಸ್ತಿ ಇದ್ದೂ ಭಯವೇ ಇಲ್ಲದವರೂ ಇದ್ದಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ ಬಂದಾಗ ಹೈಪೋಕಾಂಡ್ರಿಯಾಸಿಸ್ ಅನ್ನುವ ಹಳೇ ಹೆಸರು ಬಿಟ್ಟು, ಹೆಚ್ಚುಕಡಿಮೆ ಇದೇ ಗೆರೆಯ ಮೇಲೆ ಎರಡು ಹೆಸರು ಕೊಟ್ಟರು: ಮೈಯ ತೊಂದರೆಗಳೇ ಮುಂದಿದ್ದರೆ ಒಂದು, ಭಯವೇ ಮುಂದಿದ್ದರೆ ಇನ್ನೊಂದು.

ಮೂರನೆಯದು: ಕನ್ನಡ ಸರಿಯಿದೆಯೇ ನೋಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಜಾಸ್ತಿ ತಪ್ಪಾಗುವುದು ಇಲ್ಲೇ.

ಇಂಗ್ಲಿಷ್ ಪ್ರಶ್ನೆಯನ್ನು ಮೊಬೈಲಿನಲ್ಲಿ ಅನುವಾದ ಮಾಡಿ ಹಳ್ಳಿಗೆ ತೆಗೆದುಕೊಂಡು ಹೋದ ವಿದ್ಯಾರ್ಥಿಗಳನ್ನು ನೋಡಿದ್ದೇನೆ. "ನಿಮ್ಮ ಆರೋಗ್ಯದ ಬಗ್ಗೆ ಯೋಚನೆ ಮಾಡುತ್ತೀರಾ?" ಅಂತ ಅದರಲ್ಲಿ ಇತ್ತು. ನಮ್ಮ ಕಡೆ ಯೋಚನೆ ಅಂದರೆ ವಿಚಾರ ಮಾಡುವುದೂ ಹೌದು, ಕೊರಗುವುದೂ ಹೌದು. "ಅವಳಿಗೆ ಮಗಳದ್ದೇ ಯೋಚನೆ" ಅಂದಾಗ ಅದು ಚಿಂತೆ. "ಯೋಚನೆ ಮಾಡಿ ಹೇಳ್ತೀನಿ" ಅಂದಾಗ ಬರೀ ವಿಚಾರ. ಒಬ್ಬರು ಹೆಮ್ಮೆಯಿಂದ "ಮಾಡ್ತೀನಿ, ದಿನಾ ವಾಕಿಂಗ್ ಹೋಗ್ತೀನಿ" ಅಂದರು. ಅವರ ಲೆಕ್ಕಕ್ಕೆ ಆತಂಕದ ಒಂದು ಅಂಕ ಬಿತ್ತು.

ಆತಂಕ ಅನ್ನುವ ಪದವೂ ಪೇಪರಿನ ಪದ. ಹೆದರಿಕೆ, ಗಾಬರಿ, ಚಿಂತೆ ಅಂದರೆ ಎಲ್ಲರಿಗೂ ಗೊತ್ತು, ಆದರೆ ಮೂರೂ ಒಂದೇ ಅಲ್ಲ. ಗಾಬರಿ ಬಂದು ಹೋಗುತ್ತದೆ, ಚಿಂತೆ ಕೂತಿರುತ್ತದೆ. ಆರು ತಿಂಗಳ ಮಾತು ಕೇಳುವಾಗ ಚಿಂತೆಯೇ ಸರಿ. "ದೊಡ್ಡ ಕಾಯಿಲೆ" ಅಂತ ಬರೆದರೆ ತುಂಬ ಜನ ಕ್ಯಾನ್ಸರ್ ಅಂತಲೇ ತಿಳಿದುಕೊಳ್ಳುತ್ತಾರೆ. ಹಾಗಾಗಿ "ಹೃದಯದ ಕಾಯಿಲೆ, ಕ್ಯಾನ್ಸರ್, ಅಥವಾ ಅಂಥ ಯಾವುದಾದರೂ ಗಂಭೀರ ಕಾಯಿಲೆ" ಅಂತ ಬಿಡಿಸಿ ಹೇಳುವುದು ವಾಸಿ.

ಪಿಎಚ್‌ಕ್ಯೂ-15 ಕೇಳುವಾಗ ಇನ್ನೊಂದು ತೊಡಕು. ಮನಸ್ಸಿನ ಮಾತನ್ನು ನಾವು ಮೈಯ ಮೂಲಕವೇ ಹೇಳುತ್ತೇವೆ. ಮಂಡೆಬಿಸಿ ಅಂದರೆ ತಲೆನೋವಲ್ಲ. ಎದೆ ಧಸಕ್ಕಂತು ಅಂದರೆ ಹೃದಯದ ತೊಂದರೆ ಅಲ್ಲ. ಹೊಟ್ಟೆಯಲ್ಲಿ ಸಂಕಟ ಅಂದರೆ ಎರಡೂ ಇರಬಹುದು. ಕೇಳುವವರು ಇದೇ ಸೀಮೆಯವರಾಗಿದ್ದರೆ ಥಟ್ಟನೆ ಗೊತ್ತಾಗುತ್ತದೆ, ಇಲ್ಲವಾದರೆ "ನೋವು ಇತ್ತಾ, ಮನಸ್ಸಿಗೆ ಹಾಗೆ ಆಯ್ತಾ?" ಅಂತ ಒಂದು ಮಾತು ಜಾಸ್ತಿ ಕೇಳಿ. ಅಡಿಕೆ ಬೆಲೆ ಬಿದ್ದ ವಾರ ಇಡೀ ಊರಿಗೇ ಮಂಡೆಬಿಸಿ ಇರುತ್ತದೆ.

ಇನ್ನು ಹೌದು, ಇಲ್ಲದ ಗೊಂದಲ. "ಏನೂ ತೊಂದರೆ ಇಲ್ಲ ಎಂದು ಡಾಕ್ಟರ್ ಹೇಳಿದರೆ ನಂಬುವುದು ನಿಮಗೆ ಕಷ್ಟವಾಗುತ್ತದೆಯೇ?" ಇದಕ್ಕೆ "ಹೌದು, ನಂಬ್ತೀನಿ" ಅನ್ನುವ ಉತ್ತರ ಎಷ್ಟು ಸಲ ಕೇಳಿದ್ದೇನೋ. ಬರೀ ಹೌದು ಅನ್ನುವುದನ್ನು ಬರೆದುಕೊಂಡರೆ ಅರ್ಥ ತಲೆಕೆಳಗು. ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಿಸಿ.

ಪ್ರಶ್ನಾವಳಿಯನ್ನು ನೀವೇ ಕನ್ನಡಕ್ಕೆ ತರುವುದಾದರೆ ಕ್ರಮ ಹೀಗೆ. ಮೂಲ ಮಾಡಿದವರ ಅನುಮತಿ ಬೇಕೇ ನೋಡಿ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಲಿ, ಎರಡನ್ನೂ ಹೋಲಿಸಿ ಒಂದು ಮಾಡಿ. ಮೂಲವನ್ನು ನೋಡದ ಮೂರನೆಯವರು ಅದನ್ನು ತಿರುಗಿ ಇಂಗ್ಲಿಷಿಗೆ ತರಲಿ. ಎಲ್ಲಿ ಅರ್ಥ ಜಾರಿದೆ ಅಂತ ಆಗ ಕಾಣುತ್ತದೆ. ಆಮೇಲೆ ಹತ್ತು ಹದಿನೈದು ಜನರ ಎದುರು ಕೂತು ಪ್ರತಿ ಪ್ರಶ್ನೆ ಓದಿ, "ಇದನ್ನು ನಿಮ್ಮ ಮಾತಲ್ಲಿ ಹೇಳಿ ನೋಡೋಣ" ಅನ್ನಿ. ಈ ಕೊನೆಯದನ್ನು ಬಿಡುವವರೇ ಜಾಸ್ತಿ. ನನಗೆ ಕೇಳಿದರೆ, ಅದನ್ನು ಬಿಟ್ಟ ಪ್ರಶ್ನಾವಳಿಯನ್ನು ಹೊರಗೆ ತೆಗೆಯಲೇಬಾರದು.

ನಾಲ್ಕನೆಯದು: ತುಂಬುವ ಹೊತ್ತು, ತುಂಬುವ ಜಾಗ

ಒಬ್ಬರೇ ಕೂತು ತುಂಬಬೇಕು. ಅತ್ತೆ ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿರುವಾಗ ಸೊಸೆ ಸಾವಿನ ಭಯದ ಬಗ್ಗೆ ನಿಜ ಹೇಳುವುದಿಲ್ಲ. ಪಿಎಚ್‌ಕ್ಯೂ-15ರಲ್ಲಿ ಮುಟ್ಟಿನ ನೋವಿನದ್ದೊಂದು, ಗಂಡ ಹೆಂಡಿರ ಸಂಬಂಧದ್ದೊಂದು ಪ್ರಶ್ನೆಯೂ ಇದೆ. ಓದಲು ಬಾರದವರಿಗೆ ಓದಿ ಹೇಳಿ, ಆದರೆ ವಿವರಿಸುವ ಭರದಲ್ಲಿ ಉತ್ತರವನ್ನು ಅವರ ಬಾಯಿಗೆ ಇಡಬೇಡಿ.

ಊರಲ್ಲಿ ಸಾವಾದ ವಾರ, ರಿಪೋರ್ಟಿಗೆ ಕಾಯುತ್ತಿರುವ ದಿನ, ಜ್ವರದಲ್ಲಿರುವಾಗ ಬೇಡ. "ಎಲ್ಲ ನಾರ್ಮಲ್" ಅಂತ ಕೇಳಿದ ಸಂಜೆಯೂ ಬೇಡ. ಅವತ್ತು ಅಂಕ ಸುಳ್ಳೇ ಕಡಿಮೆ ಬರುತ್ತದೆ.

ಐದನೆಯದು: ಕೂಡುವುದು

ಚಿಕ್ಕ ಪಟ್ಟಿಯ ಪ್ರತಿ ಅಂಶಕ್ಕೆ 0, 1, 2, 3. ಎರಡು ವಾಕ್ಯಕ್ಕೆ ಗುರುತು ಹಾಕಿದ್ದರೆ ದೊಡ್ಡದನ್ನು ಹಿಡಿಯಿರಿ. ಮೊದಲ 14 ಸೇರಿ ಹೆಚ್ಚೆಂದರೆ 42, ಕೊನೆಯ 4 ಸೇರಿಸಿದರೆ 54. ಎರಡನ್ನೂ ಬೇರೆ ಬೇರೆ ಬರೆದಿಡಿ. ವೈಟ್ಲಿ ಸೂಚಿಯಲ್ಲಿ, ತನ್ನನ್ನು ಮರೆತು ಬೇರೆ ವಿಷಯಗಳಲ್ಲಿ ಮನಸ್ಸು ತೊಡಗಿಸುವುದು ಸುಲಭವೇ ಅನ್ನುವ ಅರ್ಥದ ಪ್ರಶ್ನೆಯೊಂದಿದೆ. ಅದಕ್ಕೆ "ಇಲ್ಲ" ಅಂದರೆ ಅಂಕ, ಅದನ್ನು ಮರೆಯಬೇಡಿ. ಪಿಎಚ್‌ಕ್ಯೂ-15ರಲ್ಲಿ 0, 1, 2. ಅಲ್ಲಿ 5, 10, 15 ಮೆಟ್ಟಿಲುಗಳು: ಸ್ವಲ್ಪ, ಮಧ್ಯಮ, ಜಾಸ್ತಿ.

ಆರನೆಯದು: ಅಂಕವನ್ನು ಊರಿನ ಜೊತೆ ಇಟ್ಟು ಓದುವುದು

ಚಿಕ್ಕ ಪಟ್ಟಿಯ ಮೊದಲ 14 ಅಂಶಗಳಲ್ಲಿ 18 ಅಥವಾ 20 ಮುಟ್ಟಿದರೆ ಆರೋಗ್ಯದ ಆತಂಕ ಗಮನ ಕೊಡುವಷ್ಟಿದೆ ಅಂತ ಹಲವು ಅಧ್ಯಯನಗಳು ಹಿಡಿದಿವೆ. ಈ ಗೆರೆ ಎಳೆದದ್ದು ಹೊರದೇಶದ ಜನರನ್ನು ನೋಡಿ. ಹಾಗಂತ ಅದನ್ನು ಬಿಸಾಡಬೇಕಿಲ್ಲ. ಬಾಗಿಲು ತಟ್ಟುವ ಗುರುತು ಅಂತ ಇಟ್ಟುಕೊಳ್ಳಿ. ಕಾಯಿಲೆಯ ಹೆಸರು ಹೇಳುವ ಕೆಲಸ ಮನೋವೈದ್ಯರದ್ದು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳದ್ದು.

ಒಟ್ಟು ಅಂಕ ನೋಡಿದ ಮೇಲೆ ಒಂದೊಂದೇ ಪ್ರಶ್ನೆಗೆ ವಾಪಸ್ ಬನ್ನಿ. ನಿಜವಾದ ವಿಷಯ ಅಲ್ಲಿರುತ್ತದೆ.

ಹೊಸನಗರ ಕಡೆಯ ಒಬ್ಬ ಹೆಂಗಸು ಅಂತ ಇಟ್ಟುಕೊಳ್ಳಿ. ಅಡಿಕೆ ಸುಗ್ಗಿ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮೇಲೆ ಕೂತು ಸುಲಿಯುತ್ತಾರೆ. ಬೆನ್ನುನೋವು 2, ಕೈಕಾಲು ಗಂಟು ನೋವು 2, ಸುಸ್ತು 2, ನಿದ್ದೆ ಕೆಡುವುದು 2. ಅಲ್ಲಿಗೇ 8 ಆಯಿತು, ಅಲ್ವಾ? ಹೊಗೆಗೆ ತಲೆನೋವು, ಹೊತ್ತಲ್ಲದ ಹೊತ್ತಿನ ಊಟಕ್ಕೆ ಗ್ಯಾಸು ಒಂದೊಂದು ಸೇರಿದರೆ 10 ಮುಟ್ಟುತ್ತದೆ. ಈ 10 ಸುಗ್ಗಿಯದು. ಯುಗಾದಿ ಕಳೆದ ಮೇಲೆ ಇನ್ನೊಂದು ಸಲ ಕೇಳಿ ನೋಡಿ.

ಕೆಲ್ನರ್ ಮಾಪಕಗಳಲ್ಲಿ ವರ್ಷದಲ್ಲಿ ಎಷ್ಟು ಬೇರೆ ಬೇರೆ ಡಾಕ್ಟರುಗಳನ್ನು ಕಂಡಿರಿ ಅನ್ನುವ ಪ್ರಶ್ನೆ ಇದೆ. ಡಾಕ್ಟರ್ ಬದಲಿಸುತ್ತಾ ಹೋಗುವುದು ಆತಂಕದ ಗುರುತಾಗಿರಬಹುದು, ಸರಿ. ಆದರೆ ನಮ್ಮಲ್ಲಿ ದಾರಿ ಹೇಗಿದೆ? ಹಳ್ಳಿಯ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ, ಅಲ್ಲಿಂದ ಮಣಿಪಾಲಕ್ಕೆ. ನಡುವೆ ನಾಟಿ ಔಷಧಿ ಕೊಡುವವರು. ಐದು ಜನ ಆದರು. ಇವರು ಹುಡುಕಿಕೊಂಡು ಹೋದರೋ, ಒಬ್ಬರಿಂದ ಒಬ್ಬರಿಗೆ ಕಳಿಸಲ್ಪಟ್ಟರೋ ಅಂತ ಕೇಳದೆ ಅಂಕ ಹಾಕಬೇಡಿ. ಅದೇ ಮಾಪಕದ ಆರೋಗ್ಯದ ಅಭ್ಯಾಸಗಳ ಗುಂಪಿನಲ್ಲಿ, ಕೆಟ್ಟ ಚಟಗಳಿಂದ ದೂರ ಇರುತ್ತೀರಾ ಅನ್ನುವ ಥರದ ಪ್ರಶ್ನೆ ಬರುತ್ತದೆ. ಹೊಗೆಸೊಪ್ಪು ಬಿಟ್ಟವರಿಗೆ ಅಲ್ಲಿ ಅಂಕ ಜಾಸ್ತಿ. ಅದು ಒಳ್ಳೆಯ ಸುದ್ದಿ, ಅದನ್ನು ಭಯದ ಲೆಕ್ಕಕ್ಕೆ ಸೇರಿಸಬಾರದು.

ಇನ್ನು ಸಾಗರ ತಾಲ್ಲೂಕಿನ ಅರಳಗೋಡು ನೆನಪಿದೆಯಾ? 2018ರ ಕೊನೆಯಿಂದ 2019ರ ಬೇಸಿಗೆವರೆಗೆ ಆ ಸುತ್ತಿನಲ್ಲಿ ಮಂಗನ ಕಾಯಿಲೆಗೆ ಜನ ತೀರಿಕೊಂಡರು. ಆ ತಿಂಗಳುಗಳಲ್ಲಿ ಅಲ್ಲಿ ಯಾರಾದರೂ "ಜ್ವರ ಬಂದರೆ ಸಾಯ್ತೀನಿ ಅನಿಸುತ್ತೆ" ಅಂದಿದ್ದರೆ ಅದು ಕಣ್ಣಾರೆ ಕಂಡ ಮಾತು. ಉಣ್ಣೆ ಕಚ್ಚದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವುದು, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಮೈಯೆಲ್ಲ ಉಣ್ಣೆ ಹುಡುಕುವುದು ಎಚ್ಚರಿಕೆ. ಮಳೆಗಾಲದಲ್ಲಿ, ಕಾಡಿಗೇ ಹೋಗದೆ, ದಿನಕ್ಕೆ ಹತ್ತು ಸಲ ಮೈ ನೋಡಿಕೊಳ್ಳುತ್ತಾ ಕೆಲಸ ಬಿಟ್ಟು ಕೂತರೆ ಅದು ಬೇರೆ. ಮೈ ನೋಡಿಕೊಳ್ಳುತ್ತೀರಾ ಅನ್ನುವ ಒಂದೇ ಪ್ರಶ್ನೆಗೆ ಎರಡೂ ಕಡೆ ಹೌದು ಅಂತಲೇ ಉತ್ತರ ಬರುತ್ತದೆ. ವ್ಯತ್ಯಾಸ ಗೊತ್ತಾಗಲು ನಾನು ಮೂರು ಮಾತು ಕೇಳುತ್ತೇನೆ: ಇದಕ್ಕೆ ದಿನದಲ್ಲಿ ಎಷ್ಟು ಹೊತ್ತು ಹೋಗುತ್ತದೆ? ಮಾಡಿದ ಮೇಲೆ ಸಮಾಧಾನ ಎಷ್ಟು ಹೊತ್ತು ನಿಲ್ಲುತ್ತದೆ? ಇದರಿಂದ ಯಾವ ಕೆಲಸ ಬಿಟ್ಟಿರಿ?

ಎರಡನೆಯದು ಮುಖ್ಯ. ಪರೀಕ್ಷೆ, ಸಮಾಧಾನ, ಮತ್ತೆ ಅನುಮಾನ, ಮತ್ತೆ ಪರೀಕ್ಷೆ. ನಾಡಿಯ ಮೇಲೆ ಬೆರಳಿಟ್ಟು ಕೂತರೆ ಗಮನವೆಲ್ಲ ಅಲ್ಲೇ ನಿಂತು ಬಡಿತ ಇನ್ನೂ ಜೋರಾಗಿ ಕೇಳಿಸುತ್ತದೆ, ಹೆದರಿಕೆಗೆ ಅದು ನಿಜವಾಗಿಯೂ ಜೋರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿಯಲ್ಲಿ ಈ ತೊಂದರೆಯನ್ನು ಗೀಳು ಕಾಯಿಲೆಗಳ ಸಾಲಿಗೆ ಸೇರಿಸಿದ್ದಾರೆ. ಅದು ನನಗೆ ಸರಿ ಅನಿಸುತ್ತದೆ. ಕೈ ತೊಳೆದಷ್ಟೂ ಕೊಳೆ ಹೋಗಿಲ್ಲ ಅನಿಸುವವರಿಗೂ ನನಗೂ ಅಂಥ ದೂರವೇನೂ ಇರಲಿಲ್ಲ.

ಏಳನೆಯದು: ಕಾಗದ ಹಿಡಿದು ಎಲ್ಲಿಗೆ?

ವಾಟ್ಸಾಪ್ ಗ್ರೂಪಿಗೆ ಖಂಡಿತ ಅಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ದೂರದವರು ಟೆಲಿ ಮಾನಸ್‌ಗೆ ಫೋನ್ ಮಾಡಬಹುದು: 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಅನಿಸುತ್ತಿದ್ದರೆ ಅಂಕ ಕೂಡುತ್ತಾ ಕೂರಬೇಡಿ, ಈಗಲೇ ಮಾಡಿ.

ಡಾಕ್ಟರ ಎದುರು ಕೂತಾಗ "ನಂಗೆ ಎಷ್ಟು ಬಂದಿದೆ ನೋಡಿ" ಅನ್ನುವ ಬದಲು ಹೀಗೆ ಹೇಳಿ ನೋಡಿ: "ಮೈಗೆ ಇಂಥಿಂಥ ಪರೀಕ್ಷೆ ಆಗಿದೆ. ಆದರೂ ದಿನಕ್ಕೆ ಇಷ್ಟು ಹೊತ್ತು ಇದೇ ಚಿಂತೆ. ಈ ಮೂರು ಪ್ರಶ್ನೆಗೆ ನನ್ನ ಉತ್ತರ ಜಾಸ್ತಿ ಇದೆ." ಇಷ್ಟು ಹೇಳಿದರೆ ಅರ್ಧ ಗಂಟೆಯ ಕೆಲಸ ಐದು ನಿಮಿಷದಲ್ಲಿ ಆಗುತ್ತದೆ.

ಇದಕ್ಕೆ ಚಿಕಿತ್ಸೆ ಇದೆ. ಇಂಗ್ಲೆಂಡಿನಲ್ಲಿ ಹೃದಯ, ಹೊಟ್ಟೆ, ನರ, ಶ್ವಾಸಕೋಶ ಮುಂತಾದ ವಿಭಾಗಗಳಿಗೆ ಬರುತ್ತಿದ್ದ 444 ಜನರ ಮೇಲೆ ಒಂದು ಅಧ್ಯಯನ ನಡೆಯಿತು, 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅವರನ್ನು ಗುರುತಿಸಿದ್ದು ಇದೇ 14 ಅಂಶಗಳ ಪಟ್ಟಿಯಿಂದ. ಒಂದು ಗುಂಪಿಗೆ ಐದರಿಂದ ಹತ್ತು ಸಲ ಕೂತು ಮಾತಾಡುವ, ಯೋಚಿಸುವ ಮತ್ತು ನಡೆದುಕೊಳ್ಳುವ ರೀತಿಯನ್ನು ಬದಲಿಸಿಕೊಳ್ಳಲು ಕಲಿಸುವ ಸಿಬಿಟಿ ಚಿಕಿತ್ಸೆ ಕೊಟ್ಟರು. ವರ್ಷದ ನಂತರ ಆ ಗುಂಪಿನ ಅಂಕ ಉಳಿದವರಿಗಿಂತ ಚೆನ್ನಾಗಿ ಇಳಿದಿತ್ತು. ಚಿಕಿತ್ಸೆ ಕೊಟ್ಟವರಲ್ಲಿ ತರಬೇತಿ ಪಡೆದ ನರ್ಸ್‌ಗಳೂ ಇದ್ದರು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಸಿಸ್ಟರ್‌ಗಳನ್ನು ನೋಡಿದಾಗಲೆಲ್ಲ ಈ ಮಾತು ನನಗೆ ನೆನಪಾಗುತ್ತದೆ.

ಕೊನೆಯದು: ಮತ್ತೆ ಅಳೆಯುವುದು

ವಾರ ವಾರ ತುಂಬಬೇಡಿ. ನಾಡಿ ಎಣಿಸುವ ಚಟ ಬಿಟ್ಟು ಅಂಕ ಎಣಿಸುವ ಚಟ ಹತ್ತೀತು. ಚಿಕಿತ್ಸೆ ಶುರುವಾಗುವ ಮೊದಲು ಒಂದು, ಆಮೇಲೆ ಮೂರು ನಾಲ್ಕು ತಿಂಗಳಿಗೊಂದು ಸಾಕು. ಅದೇ ಪ್ರಶ್ನಾವಳಿ, ಅದೇ ಕನ್ನಡ, ಆದಷ್ಟೂ ಅಂಥದ್ದೇ ಹೊತ್ತು. ಒಂದೆರಡು ಅಂಕದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಾಗದದ ಮೇಲೆ ತಾರೀಕು ಹಾಕಿ, ಪಕ್ಕದಲ್ಲಿ ಆ ದಿನಗಳಲ್ಲಿ ಏನು ನಡೆದಿತ್ತು ಅಂತ ಒಂದು ಸಾಲು ಬರೆಯಿರಿ: ಸುಗ್ಗಿ, ಮಗಳ ಮದುವೆ, ಪಕ್ಕದ ಮನೆಯ ಸಾವು.

ನನ್ನ ಹಳೇ ಕಾಗದಗಳು ಇನ್ನೂ ಇವೆ. ಮೊದಲನೆಯದರಲ್ಲಿ 27. ಎಂಟು ತಿಂಗಳ ನಂತರದ್ದರಲ್ಲಿ 19, ಗೆರೆಯ ಹತ್ತಿರವೇ. ಆದರೆ ಡಾಕ್ಟರ್ ಏನೂ ಇಲ್ಲ ಅಂದ ಮೇಲೆ ಸಮಾಧಾನ ನಿಲ್ಲುತ್ತದೆಯೇ ಅನ್ನುವ ಅಂಶದಲ್ಲಿ 3 ಇದ್ದದ್ದು 1 ಆಗಿತ್ತು. ಅದರ ಪಕ್ಕ ನಾನು ಬರೆದುಕೊಂಡಿದ್ದ ಸಾಲು: "ಈ ಸಲ ಶಿವಮೊಗ್ಗದಿಂದ ಬರುವಾಗ ಮಂಡಗದ್ದೆಯಲ್ಲಿ ಕಿಟಕಿಯಿಂದ ಹಕ್ಕಿ ನೋಡಿದೆ."